ಮಸುಮಿ ಬಿಟ್ಟುಹೋದ ಅಂಕಿ

ಸೆಪ್ಟೆಂಬರ್ 29, ಸೋಮವಾರ

ಸಂಜೆ ಆರೂವರೆ. ಇವತ್ತು ಶಾಲೆಗೆ ಹೋಗಿ, ಎಂಟು ದಿನದ ಹಿಂದೆ ತೀರಿಕೊಂಡ ಮಗಳು ಮಸುಮಿಯ ಸಾಮಾನು ತಂದೆ. ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಮೆಟ್ಟುವ ಚಪ್ಪಲಿ, ಟೀ ಬಟ್ಟಲು, ಒಂದು ಸ್ವೆಟರ್, ಕುತ್ತಿಗೆ ನೋವಿಗೆ ಅಂಟಿಸುವ ಪಟ್ಟಿಗಳ ಎರಡು ಪೊಟ್ಟಣ. ಹದಿನಾಲ್ಕು ವರ್ಷ ತಂತ್ರಜ್ಞಾನ ಪಾಠ ಹೇಳಿದವಳ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಹಿಡಿದು ಬಸ್ಸು ಹತ್ತಿದೆ.

ಉಪ ಮುಖ್ಯೋಪಾಧ್ಯಾಯ ಕೊಮುರೊ ಮೂರು ಸಲ ತಲೆ ಬಾಗಿಸಿದರು. "ಆ ಭಾನುವಾರ ಟೀಚರ್ ತಮ್ಮ ಇಷ್ಟದಿಂದ್ಲೇ ಬಂದಿದ್ರು, ಓರಿಟೊ ಅವರೇ. ಶಾಲೆಯಿಂದ ಹೇಳಿದ್ದಲ್ಲ" ಎಂದರು. ನಾನು ಕೇಳಿರಲಿಲ್ಲ.

ಅವಳು ಬಿದ್ದ ಕೋಣೆ ನೋಡಬೇಕು ಎಂದೆ. ಅವರಿಗೆ ಇಷ್ಟವಿರಲಿಲ್ಲ, ಆದರೂ ಕರೆದುಕೊಂಡು ಹೋದರು. ರೋಬೋಟ್ ಕ್ಲಬ್ಬಿನ ಮಕ್ಕಳು ಅಲ್ಲೇ ಇದ್ದರು. ಮಿಡ್ಲ್ ಸ್ಕೂಲ್ ಮೂರನೇ ವರ್ಷದ ಇಬ್ಬರು, ಒಂದನೇ ವರ್ಷದ ಇಬ್ಬರು. ನನ್ನನ್ನು ಕಂಡದ್ದೇ ನಾಯಕಿ ಚಿಗುಸಾ ಎದ್ದು ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ. ಮಿಯಾಸಾಕಾ ಎಂಬ ಹುಡುಗ ಅವಳ ಅಂಗಿಯ ಹಿಂದಿನ ಚುಂಗು ಹಿಡಿದು ಎಳೆದು ನಿಲ್ಲಿಸಿದ.

ಗೇಟಿನ ಹತ್ತಿರ ಕೊಮುರೊ ಹೇಳಿದರು: "ಮೊದಲು ನೋಡಿದ್ದು ಆ ಹುಡುಗಿನೇ. ಆಮೇಲಿಂದ ತರಗತಿಗೆ ಕಾಲಿಟ್ಟಿಲ್ಲ. ಕ್ಲಬ್ಬಿಗೆ ಮಾತ್ರ ಬರ್ತಾಳೆ. ನೋಡ್ಕೊಳ್ಳೋಕೆ ಬೇರೆ ಮೇಷ್ಟ್ರಿಲ್ಲ. ನವೆಂಬರ್ ಎರಡಕ್ಕೆ ಪ್ರಾಂತ್ಯದ ಸ್ಪರ್ಧೆ ಇದೆ, ಅಲ್ಲೀವರೆಗೆ ಹೆಸರಿಗೆ ನಾನಿರ್ತೀನಿ. ಗೆದ್ದು ಮುಂದಕ್ಕೆ ಹೋದ್ರೆ ಜನವರಿಯ ರಾಷ್ಟ್ರಮಟ್ಟದ ಸ್ಪರ್ಧೆವರೆಗೂ ನಡೀಲಿ. ಸೋತ್ರೆ ಕ್ಲಬ್ ಮುಚ್ತೀವಿ."

"ಆಮೇಲೆ ಆ ಹುಡುಗಿ?"

ಅವರು ಇನ್ನೊಂದು ಸಲ ತಲೆ ಬಾಗಿಸಿದರು.

ಪೆಟ್ಟಿಗೆಯನ್ನು, ನಲವತ್ತೊಂಬತ್ತನೆಯ ದಿನದವರೆಗೆ ಮನೆಯಲ್ಲಿರುವ ಅವಳ ಅಸ್ಥಿಯ ಪಕ್ಕ ಇಟ್ಟಿದ್ದೇನೆ. ಬಿಚ್ಚಿ ಜೋಡಿಸುವುದಿಲ್ಲ.

ಅಕ್ಟೋಬರ್ 1, ಬುಧವಾರ

ಮಧ್ಯಾಹ್ನ ಮೂರು. ಏನೂ ಮಾಡಲಿಲ್ಲ. ಪಕ್ಕದ ಮನೆಯವರು ಪರ್ಸಿಮನ್ ಹಣ್ಣು ತಂದುಕೊಟ್ಟರು.

ಅಕ್ಟೋಬರ್ 4, ಶನಿವಾರ

ಸಂಜೆ ಐದು. ಬೆಳಗ್ಗೆ ಮಿಯಾಸಾಕಾ ಫೋನ್ ಮಾಡಿದ. ನಂಬರು ಎಲ್ಲಿ ಸಿಕ್ಕಿತೋ. "ಟೀಚರ್ ಅವರ ಅಮ್ಮ ಅಲ್ವಾ? ನೀವು ಗಡಿಯಾರದ ಕಾರ್ಖಾನೇಲಿ ಬೆಸುಗೆ ಹಾಕ್ತಿದ್ರಂತಲ್ಲ? ಟೀಚರ್ ಯಾವಾಗ್ಲೂ ಹೇಳೋರು, ನಮ್ಮಮ್ಮನ ಮುಂದೆ ನನ್ನ ಬೆಸುಗೆ ಕೋಳಿ ಹಿಕ್ಕೆ ಇದ್ದಂಗೆ ಅಂತ. ನಮ್ದು ಮೂರು ತಂತಿ ಕಿತ್ಕೊಂಡಿದೆ."

ಅವಳು ಹಾಗೆ ಹೇಳುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಆ ಕೆಲಸ ಮಾಡಿದೆ. ಮನೆಯಲ್ಲಿ ಅವಳು ಒಮ್ಮೆಯೂ ಅದರ ಮಾತೆತ್ತಲಿಲ್ಲ.

ಹೋದೆ. ತಂತಿಗಳು ಹತ್ತು ನಿಮಿಷದ ಕೆಲಸ. ಆಮೇಲೆ ಅವರು ಯಂತ್ರ ಓಡಿಸಿ ತೋರಿಸಿದರು. ಚಕ್ರದ ಮೇಲೊಂದು ಕೈ. ಮೇಜಿನ ಮೇಲಿನ ಮರದ ಉರುಳೆಯನ್ನು ಹಿಡಿದು, ಎತ್ತಿ, ಕಪಾಟಿನಲ್ಲಿ ಇಡಬೇಕು. ಮೊದಲ ಮೂವತ್ತು ಸೆಕೆಂಡು ಯಾರೂ ಮುಟ್ಟುವ ಹಾಗಿಲ್ಲ. ಬರೆದಿಟ್ಟ ಪ್ರೋಗ್ರಾಮಿನಂತೆ ಅದೇ ನಡೆಯಬೇಕು. ಕೈ ಉರುಳೆಯ ಸುತ್ತ ಮುಚ್ಚಿಕೊಳ್ಳುವ ಮೊದಲೇ ಮೇಲಕ್ಕೆದ್ದಿತು. ಉರುಳೆ ಬಿತ್ತು. ಹತ್ತು ಸಲ ಮಾಡಿದರು, ಒಂಬತ್ತು ಸಲ ಬಿತ್ತು.

ಮಿಯಾಸಾಕಾ ಕಂಪ್ಯೂಟರಿನಲ್ಲಿ ಒಂದು ಸಾಲು ತೋರಿಸಿದ. "ನೋಡಿ ಅಜ್ಜಿ, ಇಲ್ಲಿ. ಹಿಡಿದ ಮೇಲೆ ಎಷ್ಟು ಹೊತ್ತು ಕಾದು ಎತ್ಬೇಕು ಅನ್ನೋದು. ಒಂದು ಸೆಕೆಂಡಿಗೆ ಸಾವಿರ. ಮುಂಚೆ ಆರುನೂರಿತ್ತು, ಮೂರರಲ್ಲಿ ಎರಡು ಸಲನಾದ್ರೂ ಎತ್ತೋದು. ಈಗ ನೂರಿಪ್ಪತ್ತು."

"ಯಾರು ಬದಲಾಯಿಸಿದ್ದು?"

ಮಕ್ಕಳು ಚಿಗುಸಾಳ ಕಡೆ ನೋಡಿದರು. ಅವಳೇ ಹೇಳಿದಳು. "ಟೀಚರ್. ಆವತ್ತು. ಶನಿವಾರ ನಮಗೆ ಹೇಳಿದ್ರು, ಸರಿಯಾದ ಅಂಕಿ ಸಿಕ್ಕಿದೆ, ನಾಳೆ ಹಾಕ್ತೀನಿ ಅಂತ. ಅದನ್ನೇ ಹಾಕಿದಾರೆ. ಅಂಕಿ ಸರಿಯಾಗೇ ಇದೆ, ಅಮ್ಮ. ನಮ್ಮ ಕೈ ಸರಿಯಿಲ್ಲ."

ನನ್ನ ಮಗಳು ಕೊನೆಯದಾಗಿ ಬರೆದದ್ದು ಮೂರು ಅಂಕಿ. ಬಹಳ ಹೊತ್ತು ನೋಡಿದೆ.

ಅಕ್ಟೋಬರ್ 9, ಗುರುವಾರ

ಸಂಜೆ ಏಳು. ಆಸ್ಪತ್ರೆಯಿಂದ ಕಾಗದ ತಂದೆ. ತಲೆಯೊಳಗೆ ರಕ್ತಸ್ರಾವ. ಆಂಬುಲೆನ್ಸಿಗೆ ಕರೆ ಬಂದದ್ದು ಹನ್ನೆರಡು ಐವತ್ತೇಳಕ್ಕೆ, ಪ್ರಾಣ ಹೋದದ್ದು ಮೂರು ಹತ್ತಕ್ಕೆ. ಬೇಗ ತಂದಿದ್ದರೆ ಎಂದು ಕೇಳಿದೆ. ವೈದ್ಯರು ಚಿಕ್ಕ ವಯಸ್ಸಿನವರು. ಕನ್ನಡಕ ತೆಗೆದು ಒರೆಸಿಕೊಂಡರು. "ಅರ್ಧ ಗಂಟೆ ಮೊದಲು ಬಂದಿದ್ರೆ ಏನಾದ್ರೂ ಮಾಡಬಹುದಿತ್ತೇನೋ. ಖಚಿತವಾಗಿ ಹೇಳಲಾರೆ" ಎಂದರು.

ಆ ಶನಿವಾರ ರಾತ್ರಿ ಊಟದ ಮೇಜಿಗೆ ತಲೆಯಿಟ್ಟು ಮಲಗಿದ್ದಳು. ನಾನು ಹೊದಿಕೆ ಹೊದಿಸಿದೆ. ತಲೆನೋವೇನೇ ಎಂದು ಎಬ್ಬಿಸಿ ಕೇಳಲಿಲ್ಲ.

ಅಕ್ಟೋಬರ್ 15, ಬುಧವಾರ

ಸಂಜೆ ಆರು. ಶಾಲೆಗೆ ಒಂದು ಪಾರ್ಸೆಲ್ ಬಂದಿದೆ, ಮಸುಮಿಯ ಹೆಸರಿಗೆ. ಹೋದ ತಿಂಗಳು ಹದಿನೆಂಟಕ್ಕೆ ಅವಳೇ ಆರ್ಡರ್ ಮಾಡಿದ್ದ ಎರಡು ಹೊಸ ಮೋಟಾರುಗಳು. ಹಳೆಯದಕ್ಕಿಂತ ವೇಗದವು.

ಚಿಗುಸಾ ಪೊಟ್ಟಣವನ್ನು ಎದೆಗೆ ಒತ್ತಿಕೊಂಡಳು. "ಹೇಳಿದ್ನಲ್ಲ! ಈ ಮೋಟಾರಿಗೇ ಅಂತ ಹಾಕಿದ್ದು ಆ ಅಂಕಿ. ವೇಗವಾಗಿ ಹಿಡಿಯುತ್ತೆ, ವೇಗವಾಗಿ ಎತ್ತುತ್ತೆ."

"ಇರಬಹುದು" ಎಂದ ಮಿಯಾಸಾಕಾ. ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ನನಗೆ ಬಂತು. ತಂತಿ ನಾನೇ ಬೆಸೆದೆ. ಹತ್ತರಲ್ಲಿ ನಾಲ್ಕು ಸಲ ಎತ್ತಿತು. ಚಿಗುಸಾ ನಕ್ಕದ್ದನ್ನು ಮೊದಲ ಸಲ ನೋಡಿದೆ. ಮುಂದಿನ ಹಲ್ಲು ಒಂದರ ಮೇಲೊಂದು ಏರಿದೆ. ಮಣಿಕಟ್ಟು ಮಾತ್ರ ಕಡ್ಡಿಯಂತಾಗಿದೆ. ಬುತ್ತಿಯ ಅನ್ನವನ್ನು ಸರೋವರದ ಬಾತುಕೋಳಿಗಳಿಗೆ ಹಾಕಿಬಿಡುತ್ತಾಳೆ ಎಂದು ಒಂದನೇ ವರ್ಷದ ಮಗು ಗುಟ್ಟಾಗಿ ಹೇಳಿತು.

ಅಕ್ಟೋಬರ್ 22, ಬುಧವಾರ

ಸಂಜೆ ಏಳೂವರೆ. ಅನ್ನದ ಉಂಡೆ ಐದು ಕಟ್ಟಿಕೊಂಡು ಹೋದೆ. ನಾನು ತಿನ್ನಬೇಕಾದರೆ ನಾಯಕಿ ತಿನ್ನಬೇಕು ಎಂದು ಹಟ ಹಿಡಿದೆ. ಅರ್ಧ ತಿಂದಳು.

ಒಂದನೇ ವರ್ಷದ ಇಬ್ಬರಿಗೆ ಬೆಸುಗೆ ಕಲಿಸಲು ಶುರು ಮಾಡಿದ್ದೇನೆ. ನನ್ನ ಹತ್ತಿರ ಇರುವುದು ಮಿಡ್ಲ್ ಸ್ಕೂಲಿನ ಓದು. ಕಲಿಸುವುದು ನನ್ನ ಕೆಲಸವಲ್ಲ. ನನಗೆ ಕಲಿಸಿದವರು ಹೇಳಿದಂತೆಯೇ ಹೇಳಿದೆ. ಸೀಸವನ್ನು ಕಾಯಿಸಬೇಡ, ತಂತಿಯನ್ನು ಕಾಯಿಸು, ಸೀಸ ತಾನೇ ಹರಿದು ಬರುತ್ತದೆ. ಉಸಿರು ಬಿಡುತ್ತಾ ಬೆಸುಗೆ ಕಡ್ಡಿ ಎತ್ತು. ಅರ್ಧ ಕೆಲಸ ಬಿಟ್ಟು ಏಳಬೇಕಾಗಿ ಬಂದರೆ, ಅದಕ್ಕೊಂದು ಕೆಂಪು ಚೀಟಿ ಕಟ್ಟಿ ಏಳು. ಇಲ್ಲದಿದ್ದರೆ ಮುಂದೆ ಬಂದವರು ಮುಗಿದದ್ದು ಅಂದುಕೊಳ್ಳುತ್ತಾರೆ.

"ಒಂದಕ್ಕೆ ಹೋಗೋವಾಗ್ಲೂ ಕಟ್ಬೇಕಾ ಅಜ್ಜಿ?" ಎಂದ ಮಿಯಾಸಾಕಾ.

"ನಿನ್ನಂಥವನಿಗೆ ಕತ್ತಿಗೇ ಕಟ್ಬೇಕು. ಯಾವ ಕೆಲಸ ಮುಗ್ಸಿದೀಯ ನೀನು?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಹತ್ತರಲ್ಲಿ ಆರು. ಬೆರಳಿನ ತುದಿಗೆ ಹೊಸ ರಬ್ಬರು ಸುತ್ತಿದ್ದೇವೆ. ನಾಳೆ ಬೇರೆ ಅಂಟು ತರಬೇಕು, ಅಂಗಡಿ ತೆರೆಯುವುದು ಹತ್ತಕ್ಕೆ.

ಮಧ್ಯಾಹ್ನ ಧೂಪ ಹಚ್ಚುವುದು ಮರೆತಿದ್ದೆ. ಈಗ ಹಚ್ಚಿದೆ.

ಅಕ್ಟೋಬರ್ 30, ಗುರುವಾರ

ಸಂಜೆ ಆರು. ಸಿಟ್ಟು ಇನ್ನೂ ಇಳಿದಿಲ್ಲ.

ಚಿಗುಸಾ ಮನೆಗೆ ಹೋದ ಮೇಲೆ ಮಿಯಾಸಾಕಾ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತ. "ಅಜ್ಜಿ, ಆರಕ್ಕೆ ನಿಂತುಬಿಟ್ಟಿದೆ. ಇದರಲ್ಲಿ ಗೆಲ್ಲಲ್ಲ. ಒಂದು ಮಾತು ಹೇಳ್ತೀನಿ, ಬೈಬೇಡಿ. ಅದು ನೂರಿಪ್ಪತ್ತಲ್ಲ. ಸಾವಿರದ ಇನ್ನೂರು. ಒಂದು ಸೊನ್ನೆ ಬಾಕಿ ಇದೆ."

ನಾನು ಮೇಜಿನ ಮೇಲಿನ ತಂತಿ ಚೂರುಗಳನ್ನು ಗುಡ್ಡೆ ಹಾಕತೊಡಗಿದೆ.

"ಟೀಚರ್ ಟೈಪ್ ಮಾಡ್ತಾ ಇದ್ದಾಗ್ಲೇ... ನೀವೇ ಹೇಳಿದ್ರಲ್ಲ, ಕೆಂಪು ಚೀಟಿ ಅಂತ. ಅದು ಚೀಟಿ ಕಟ್ಬೇಕಾದ ಅಂಕಿ. ಒಂದು ಸೊನ್ನೆ ಹಾಕ್ಲಾ? ಚಿಗುಸಾ ನನ್ನ ಮಾತು ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾಳೆ. ಸೋತ್ರೆ ಕ್ಲಬ್ ಹೋಗುತ್ತೆ. ಕ್ಲಬ್ ಹೋದ್ರೆ ಅವಳು ಮನೆ ಬಿಟ್ಟು ಹೊರಗೇ ಬರಲ್ಲ. ನಿಮಗೂ ಗೊತ್ತು."

"ಬೇಡ" ಎಂದೆ.

"ಒಂದೇ ಸಲ, ಪರೀಕ್ಷೆಗೆ..."

"ಅವಳು ಹಾಕಿದ್ದು ಹಾಗೇ ಇರಲಿ. ದಯವಿಟ್ಟು." ನಾನು ಎದ್ದು, ಆ ಹದಿನೈದು ವರ್ಷದ ಹುಡುಗನ ಮುಂದೆ ಸೊಂಟ ಬಗ್ಗಿಸಿದೆ. ತೀರಿಕೊಂಡವಳ ತಾಯಿ ತಲೆಬಾಗಿ ಕೇಳಿದ ಮೇಲೆ ಅವನು ಏನು ಮಾಡಿಯಾನು? ಅವನೂ ಬಗ್ಗಿದ. "ಆಯ್ತು" ಎಂದ.

ಅವಳು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವಳಲ್ಲ.

ನವೆಂಬರ್ 2, ಭಾನುವಾರ

ಸಂಜೆ ಏಳೂವರೆ. ಸೋತೆವು.

ಬೆಳಗಿನ ಆರರ ರೈಲಿಗೆ, ಸ್ಪರ್ಧೆ ನಡೆಯುವ ಮಾತ್ಸುಮೊತೊ ಪಟ್ಟಣಕ್ಕೆ ಹೋದೆವು. ಮೂವತ್ತೆರಡು ಶಾಲೆಗಳು. ಮೊದಲ ಸುತ್ತಿನಲ್ಲಿ ಮೂರು ಉರುಳೆಗಳಲ್ಲಿ ಎರಡನ್ನು ಎತ್ತಿತು. ಚಿಗುಸಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಎರಡನೇ ಸುತ್ತಿನಲ್ಲಿ ಮೊದಲನೆಯದು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದನ್ನು ಮುಟ್ಟಿ ಉರುಳಿಸಿತು, ಅದು ಮೇಜಿನಿಂದ ಕೆಳಗಿಳಿದು ಎದುರು ತಂಡದ ಹುಡುಗಿಯ ಕಾಲ ಬಳಿ ನಿಂತಿತು. ಅವಳು ಎತ್ತಿ ಎರಡು ಕೈಯಲ್ಲಿ ಕೊಟ್ಟಳು. ಮೂವತ್ತು ಸೆಕೆಂಡು ಕೈಕಟ್ಟಿ ನೋಡುತ್ತಾ ನಿಲ್ಲುವುದು ಬಿಟ್ಟು ನಮ್ಮ ಮಕ್ಕಳಿಗೆ ಬೇರೇನೂ ಮಾಡುವಂತಿರಲಿಲ್ಲ.

ಆಮೇಲೆ ಹಜಾರದ ಮೂಲೆಯಲ್ಲಿ ಮಿಯಾಸಾಕಾ ಕಂಪ್ಯೂಟರ್ ತೆರೆದ. ಯಾರನ್ನೂ ಕೇಳಲಿಲ್ಲ. ಒಂದು ಕೀಲಿ ಒತ್ತಿದ. ಉರುಳೆಯನ್ನು ನೆಲದ ಮೇಲಿಟ್ಟ.

ಕೈ ಮುಚ್ಚಿಕೊಂಡಿತು. ಕಾಯಿತು. ಎತ್ತಿತು.

ಹತ್ತಕ್ಕೆ ಹತ್ತು. ಒಂದೊಂದು ಸಲ ಎತ್ತಿದಾಗಲೂ ಅವನು ಹೆಚ್ಚು ಹೆಚ್ಚು ಜೋರಾಗಿ ಅಳುತ್ತಿದ್ದ. ಚಿಗುಸಾ ಅಳಲಿಲ್ಲ.

ನಮ್ಮೂರಿನ ಓಕಾಯಾ ನಿಲ್ದಾಣದಲ್ಲಿ ಎಲ್ಲರೂ ಚದುರಿದರು. ಅವಳು ಮಾತ್ರ ನನ್ನ ಹಿಂದೆ ಬಂದಳು. ಸೈಕಲ್ ನಿಲ್ಲಿಸುವ ಜಾಗದ ಹತ್ತಿರ ನಿಂತು ಹೇಳಿದಳು.

"ನಾನು ಹನ್ನೆರಡೂ ಕಾಲಿಗೇ ಬಂದಿದ್ದೆ, ಅಮ್ಮ."

ನನಗೆ ಅರ್ಥವಾಗಲಿಲ್ಲ.

"ಆವತ್ತು. ಎಲ್ರಿಗೂ ಒಂದು ಗಂಟೆಗೆ ಅಂತ ಹೇಳಿದ್ರು. ನಾನು ಬೇಗ ಬಂದೆ. ಬಾಗಿಲ ಗಾಜಿಂದ ನೋಡಿದೆ. ಟೀಚರ್ ತೋಳಿನ ಮೇಲೆ ತಲೆ ಇಟ್ಕೊಂಡು ಮಲಗಿದ್ರು. ಯಾವಾಗ್ಲೂ ಹಂಗೇ ಮಲಗೋರು, ಐದು ನಿಮಿಷ ಸಿಕ್ಕಿದ್ರೂ. ಸುಸ್ತಾಗಿದಾರೆ, ಎಬ್ಬಿಸೋದು ಬೇಡ ಅಂದ್ಕೊಂಡೆ. ನಡೆದ್ರೆ ಸದ್ದಾಗುತ್ತೆ ಅಂತ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಕಾರಿಡಾರಲ್ಲಿ ಕೂತೆ. ಒಂದಕ್ಕೆ ಐದು ನಿಮಿಷ ಇರೋವರೆಗೂ ಕೂತಿದ್ದೆ."

ರೈಲೊಂದು ಹೋಯಿತು. ಅದು ಹೋಗುವವರೆಗೂ ಕಾದು ಮುಂದುವರಿಸಿದಳು.

"ಅಂಕಿ ಸರಿಯಾಗಿದ್ರೆ ಟೀಚರ್ ಬರೆದು ಮುಗಿಸಿ, ಆಮೇಲೆ ಮಲಗಿದ್ರು ಅಂತ. ನಾನು ಇಣುಕಿದಾಗ ನಿಜವಾಗ್ಲೂ ನಿದ್ದೆನೇ ಮಾಡ್ತಿದ್ರು ಅಂತ. ಅಂಕಿ ಅರ್ಧ ಅಂದ್ರೆ... ನಾನು ನೋಡಿದಾಗ್ಲೇ..."

ನಾನು "ಹೊತ್ತಾಯ್ತು, ಮನೆಗೆ ಹೋಗು" ಎಂದೆ. ತಿರುಗಿ ನಡೆದೆ. ಅವಳ ಬೆನ್ನಿನ ಮೇಲೆ ಕೈ ಇಡಲಿಲ್ಲ.

ನವೆಂಬರ್ 4, ಮಂಗಳವಾರ

ಮಧ್ಯಾಹ್ನ ಒಂದು. ನಲವತ್ತು ನಿಮಿಷದಲ್ಲಿ ಏನೇನಾಗುತ್ತದೆಂದು ನೋಡಿದೆ. ಅನ್ನವಾಗುತ್ತದೆ. ಒಗೆಯುವ ಯಂತ್ರ ಒಂದು ಸುತ್ತು ಮುಗಿಸುತ್ತದೆ. ಒಂದು ಧೂಪದ ಕಡ್ಡಿ ಉರಿದು ಮುಗಿದು, ಇನ್ನೊಂದು ಮುಕ್ಕಾಲು ಆಗುತ್ತದೆ. ಶಾಲೆಯಿಂದ ಆಸ್ಪತ್ರೆಗೆ ಎಂಟು ನಿಮಿಷ.

ನವೆಂಬರ್ 6, ಗುರುವಾರ

ಸಂಜೆ ಐದೂವರೆ. ಮಿಯಾಸಾಕಾ ಮನೆಗೇ ಬಂದ. ಮಸುಮಿಯ ಚಿತ್ರಕ್ಕೆ ಕೈಮುಗಿದು, ಟೀ ಕುಡಿಯದೆ ಕೂತ. ಕ್ಲಬ್ ಮುಚ್ಚಿದ್ದಾರೆ. ಚಿಗುಸಾ ಮಂಗಳವಾರದಿಂದ ಶಾಲೆಗೆ ಬಂದಿಲ್ಲ. ಫೋನ್ ಎತ್ತುವುದಿಲ್ಲ, ಕೋಣೆಯಿಂದ ಹೊರಗೆ ಬರುವುದಿಲ್ಲ ಎಂದು ಅವಳ ತಾಯಿ ಹೇಳಿದರಂತೆ.

"ನಾನು ಅಲ್ಲಿ ಸೊನ್ನೆ ಹಾಕ್ಬಾರ್ದಿತ್ತು, ಅಜ್ಜಿ. ಅವಳ ಮುಂದೆ."

"ಮೊದಲೇ ಹಾಕ್ಬೇಕಿತ್ತು. ಬೇಡ ಅಂದೋಳು ನಾನು" ಎಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಅಲ್ಲ ಎಂದು ಹೇಳುತ್ತಾನೆ ಎಂದುಕೊಂಡಿದ್ದೆ. ಹೇಳಲಿಲ್ಲ. ಒಳ್ಳೆಯ ಹುಡುಗ.

ನಮ್ಮ ಕಾರ್ಖಾನೆಯಲ್ಲೂ ಯಾರಾದರೂ ಮೇಜಿಗೆ ಒರಗಿ ನಿದ್ದೆ ಹೋದರೆ ಯಾರೂ ಎಬ್ಬಿಸುತ್ತಿರಲಿಲ್ಲ. ದುಡಿದು ದಣಿದವರು ಎಂದು ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದೆವು. ಆ ಬಾಗಿಲ ಗಾಜಿನಲ್ಲಿ ನಾನು ಇಣುಕಿದ್ದರೆ? ನಾನೂ ಚಪ್ಪಲಿ ಬಿಚ್ಚುತ್ತಿದ್ದೆ. ಚಿಕ್ಕಂದಿನಲ್ಲೇ ಮಕ್ಕಳಿಗೆ ಇದನ್ನು ಕಲಿಸುವವರು ನಾವೇ.

ಹೀಗೆ ಬರೆದರೂ ಎದೆ ಒಪ್ಪುತ್ತಿಲ್ಲ. ನಲವತ್ತು ನಿಮಿಷ.

ನವೆಂಬರ್ 8, ಶನಿವಾರ

ಸಂಜೆ ನಾಲ್ಕು. ನಲವತ್ತೊಂಬತ್ತನೆಯ ದಿನ. ಅಸ್ಥಿಯನ್ನು ಗೋರಿಯಲ್ಲಿ ಅವಳ ಅಪ್ಪನ ಅಸ್ಥಿಯ ಪಕ್ಕ ಇಟ್ಟೆವು. ಗಾಳಿ ಇತ್ತು. ಮೂರು ಮಕ್ಕಳು ಸಮವಸ್ತ್ರದಲ್ಲಿ ಬಂದಿದ್ದರು. ಮೂರೇ. ಪುರೋಹಿತರು ಮಂತ್ರ ಹೇಳುವಾಗ ನಾನು ಗೇಟಿನ ಕಡೆ ನೋಡುತ್ತಿದ್ದೆ.

ನವೆಂಬರ್ 9, ಭಾನುವಾರ

ಸಂಜೆ ಆರು. ಚಿಗುಸಾಳ ಮನೆಗೆ ಹೋಗಿದ್ದೆ. ಸರೋವರದ ಆಚೆ ದಡದ ಸರ್ಕಾರಿ ವಸತಿ, ಮೂರನೇ ಮಹಡಿ. ಅವಳ ತಾಯಿ ಬುತ್ತಿ ತಯಾರಿಸುವ ಕಾರ್ಖಾನೆಯಲ್ಲಿ ಮುಂಜಾನೆಯ ಪಾಳಿ ಮಾಡುತ್ತಾರೆ. ಕಣ್ಣ ಕೆಳಗೆ ಕಪ್ಪಾಗಿತ್ತು. "ನಮ್ಮ ಮಗಳಿಂದ ನಿಮಗೆ..." ಎಂದು ಬಗ್ಗಲು ಹೋದರು. ಅವರಿಗೆ ಎಷ್ಟು ಗೊತ್ತೋ ತಿಳಿಯದು. ಕೈ ಹಿಡಿದು ನಿಲ್ಲಿಸಿದೆ.

ಕೋಣೆಯ ಜಾರುಬಾಗಿಲು ಮುಚ್ಚಿತ್ತು. ಅದರ ಹೊರಗೆ ಚಾಪೆಯ ಮೇಲೆ ಕೂತೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಮೂರು ಸಲ ಬಾಯಿಪಾಠ ಮಾಡಿಕೊಂಡಿದ್ದೆ.

"ಚಿಗುಸಾ, ಆಸ್ಪತ್ರೆಯಿಂದ ಕಾಗದ ಬಂದಿದೆ ಕಣಮ್ಮ. ಓದಿದೆ. ಬೆಳಗ್ಗೆ ಹನ್ನೊಂದಕ್ಕೇ ತಲೆಯೊಳಗೆ ಎಲ್ಲಾ ಮುಗಿದಿತ್ತಂತೆ. ಆಮೇಲೆ ಆಸ್ಪತ್ರೇಲಿ ಉಸಿರಾಡಿಸಿದ್ದು ಬರೀ ಯಂತ್ರ. ಹನ್ನೆರಡೂ ಕಾಲಿಗೆ ನೀನು ಒಳಗೆ ಹೋಗಿದ್ರೂ ಅಷ್ಟೇ, ಹೋಗದಿದ್ರೂ ಅಷ್ಟೇ."

ಅಡುಗೆಮನೆಯಲ್ಲಿ ಅವಳ ತಾಯಿ ನಲ್ಲಿ ನಿಲ್ಲಿಸಿದರು.

ಬಾಗಿಲ ಹತ್ತಿರದಿಂದಲೇ ದನಿ ಬಂತು. "ನಾನು ಮುಟ್ಟಿದಾಗ ಟೀಚರ್ ಕೈ ಬೆಚ್ಚಗಿತ್ತು."

ಇದನ್ನು ಬಾಯಿಪಾಠ ಮಾಡಿರಲಿಲ್ಲ.

"ಬಿಸಿಲಿಗೆ" ಎಂದೆ. "ಕಿಟಕಿ ಪಕ್ಕ ಕೂತಿದ್ಳಲ್ಲ. ಬಿಸಿಲು ಬಿದ್ದಿರುತ್ತೆ."

ಆ ಕೋಣೆಯ ಕಿಟಕಿಗಳು ಉತ್ತರಕ್ಕಿವೆ. ಅಲ್ಲಿ ಬಿಸಿಲು ಬೀಳುವುದಿಲ್ಲ. ಒಂದು ತಿಂಗಳು ಅಲ್ಲಿ ಕೂತು ಬೆರಳು ಮರಗಟ್ಟಿಸಿಕೊಂಡಿದ್ದೇನೆ. ಮೂರು ವರ್ಷ ಕೂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ನಾನು ಏಳಲಿಲ್ಲ. ಕಾಲು ಜೋಮು ಹಿಡಿದು, ಆಮೇಲೆ ನೋವೂ ಹೋಯಿತು. ಅವಳ ತಾಯಿ ಟೀ ತಂದಿಟ್ಟು ಹೋದರು, ಅದು ತಣ್ಣಗಾಯಿತು. ಕೊನೆಗೆ ಬಾಗಿಲು ಒಂದು ಗೇಣು ಸರಿಯಿತು. ಮುಖ ಕಾಣಲಿಲ್ಲ, ಮೊಣಕಾಲು ಮಾತ್ರ ಕಂಡಿತು.

"ಬಿಸಿಲಿಗೆ" ಎಂದಳು.

"ಹೂಂ. ಬಿಸಿಲಿಗೆ."

"ಅಮ್ಮ, ನನಗೆ ಒಬ್ಳೇ ಆ ಗೇಟು ದಾಟೋಕಾಗಲ್ಲ."

"ಒಬ್ಳೇ ದಾಟು ಅಂತ ಯಾರು ಹೇಳಿದ್ರು?"

ಬರುವಾಗ ಬಸ್ಸು ತಪ್ಪಿ, ಸರೋವರದ ದಡದಲ್ಲಿ ನಡೆದೇ ಬಂದೆ. ವೈದ್ಯರ ಕಾಗದವನ್ನು ಮಡಿಸಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಿದ್ದೇನೆ. ಯಾರಿಗೂ ತೋರಿಸುವುದಿಲ್ಲ.

ನಾಳೆ ಮೊದಲ ಪೀರಿಯಡ್ ಗಣಿತವಂತೆ, ಎಂಟೂ ಮುಕ್ಕಾಲಿಗೆ. ಅವಳನ್ನು ಕರೆದುಕೊಂಡು ಹೋಗಲು ಏಳು ಗಂಟೆಯ ಬಸ್ಸು ಹಿಡಿಯಬೇಕು.